ಇಗರ್ಜಿಯ ನಡುವೆ ನಿಂತ ನಾವೆ

ದೊಡ್ಡ ಇಂಗ್ಲಿಷ್ ನಿಘಂಟೊಂದನ್ನು ತೆರೆದು 'ನೇವ್' ಎಂಬ ಪದವನ್ನು ಹುಡುಕಿದರೆ ಅಲ್ಲಿ ಒಂದಲ್ಲ, ಎರಡು ಉಲ್ಲೇಖಗಳು ಸಿಗುತ್ತವೆ. ಎರಡಕ್ಕೂ ಒಂದೇ ಕಾಗುಣಿತ, ಒಂದೇ ಉಚ್ಚಾರಣೆ. ಆದರೆ ಅವು ಬೇರೆ ಬೇರೆ ಪದಗಳು. ಒಂದಕ್ಕೆ ಗಾಡಿಯ ಚಕ್ರದ ಗುಂಬ, ಅಂದರೆ ಅರೆಕಾಲುಗಳೆಲ್ಲ ಬಂದು ಸೇರುವ ನಡುಭಾಗ ಎಂದು ಅರ್ಥ. ಇನ್ನೊಂದಕ್ಕೆ ಇಗರ್ಜಿಯೊಳಗೆ ಜನ ಸೇರುವ ಉದ್ದನೆಯ ನಡುಹಜಾರ ಎಂದು ಅರ್ಥ. ಎರಡೂ ಏನೋ ಒಂದರ 'ನಡು'ವನ್ನೇ ಸೂಚಿಸುವುದರಿಂದ ಒಂದೇ ಬೇರಿನಿಂದ ಹುಟ್ಟಿರಬೇಕೆಂದು ಅನ್ನಿಸುವುದು ಸಹಜ. ಅದು ಹಾಗಲ್ಲ. ಚಕ್ರದ ನೇವ್ ಹಳೆಯ ಇಂಗ್ಲಿಷಿನ 'ನಫು'ವಿನಿಂದ ಬಂದದ್ದು. ಸಂಸ್ಕೃತದ 'ನಾಭಿ' ಅದರ ದೂರದ ದಾಯಾದಿ, ಮತ್ತು ವೇದದ ಭಾಷೆಯಲ್ಲಿ ನಾಭಿ ಎಂದರೆ ಹೊಕ್ಕುಳೂ ಹೌದು, ರಥಚಕ್ರದ ಗುಂಬವೂ ಹೌದು. ಇಗರ್ಜಿಯ ನೇವ್ ಲ್ಯಾಟಿನ್ನಿನ 'ನಾವಿಸ್'ನಿಂದ ಬಂದದ್ದು. ನಾವಿಸ್ ಎಂದರೆ ಹಡಗು. ಅದರ ದಾಯಾದಿಗಳನ್ನು ನಾನು ನಿಮಗೆ ಪರಿಚಯಿಸಬೇಕಾಗಿಲ್ಲ: ಸಂಸ್ಕೃತದ 'ನೌ', ನಾವು ದಿನವೂ ಬಳಸುವ ನಾವೆ, ನೌಕೆ, ನಾವಿಕ. ಹೀಗೆ ಆ ನಿಘಂಟಿನ ಎರಡು ಉಲ್ಲೇಖಗಳಿಗೂ ಕನ್ನಡದಲ್ಲಿ ನೆಂಟರಿದ್ದಾರೆ. ಒಂದಕ್ಕೆ ನಾಭಿ, ಇನ್ನೊಂದಕ್ಕೆ ನಾವೆ.

ಇಂದು ನಾನು ಮಾತಾಡುವುದು ಈ ಎರಡನೆಯದರ ಬಗ್ಗೆ. ಒಂದು ಕಟ್ಟಡದ ನಡುಭಾಗಕ್ಕೆ ಹಡಗು ಎಂಬ ಹೆಸರು ಏಕೆ ಬಂತು? ಮಾರ್ಗದರ್ಶಿಗಳು ಇದಕ್ಕೆ ತಟ್ಟನೆ ಒಂದು ಉತ್ತರ ಕೊಡುತ್ತಾರೆ: "ತಲೆಯೆತ್ತಿ ಛಾವಣಿ ನೋಡಿ, ಹಡಗನ್ನು ಬೋರಲು ಹಾಕಿದ ಹಾಗಿಲ್ಲವೆ?" ಈ ಉತ್ತರ ಚೆಂದವಾಗಿದೆ, ನೋಡಿದಾಗ ನಿಜವೆಂದೂ ಅನ್ನಿಸುತ್ತದೆ. ಆದರೆ ಹೆಸರು ಹುಟ್ಟಿದ್ದು ಛಾವಣಿಯಿಂದಲ್ಲ, ಅದರ ಕೆಳಗೆ ಕೂತ ಜನರಿಂದ ಎಂಬುದು ನನ್ನ ವಾದ. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಕಟ್ಟಡದ ಪರಿಚಯವಾಗಲಿ. ನಿಮ್ಮಲ್ಲಿ ಬಹಳ ಮಂದಿ ಮೈಸೂರಿನ ಸಂತ ಫಿಲೋಮಿನಾ ಕೆಥೆಡ್ರಲನ್ನು ನೋಡಿದ್ದೀರಿ. ಮುಮ್ಮಡಿಯವರ ಕಾಲದಲ್ಲಿದ್ದ ಸಣ್ಣ ಇಗರ್ಜಿಗೆ ಬದಲಾಗಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಈ ಕಟ್ಟಡಕ್ಕೆ ಜರ್ಮನಿಯ ಕೊಲೋನ್ ಕೆಥೆಡ್ರಲ್ ಮಾದರಿ. ಇದರ ತಳವಿನ್ಯಾಸ ಶಿಲುಬೆಯಾಕಾರದ್ದು. ಮುಂಬಾಗಿಲಿನಿಂದ ಒಳಗೆ ಹೋಗಿ ಬಲಿಪೀಠದ ಕಡೆಗೆ ನಡೆಯುವಾಗ ನೀವು ಶಿಲುಬೆಯ ಉದ್ದನೆಯ ಕಾಲಿನ ಮೇಲೆ ನಡೆಯುತ್ತಿರುತ್ತೀರಿ. ಆ ಉದ್ದನೆಯ ಭಾಗವೇ ನೇವ್. ಅದರ ಎರಡೂ ಬದಿಗೆ ಕಂಬಸಾಲುಗಳ ಆಚೆ ಇರುವ ಇಕ್ಕಟ್ಟಾದ ಓಣಿಗಳು 'ಐಲ್'ಗಳು. ಶಿಲುಬೆಯ ಅಡ್ಡ ತೋಳು 'ಟ್ರಾನ್ಸೆಪ್ಟ್'. ಅದನ್ನು ದಾಟಿದ ಮೇಲೆ ಪಾದ್ರಿಗಳಿಗೂ ಗಾಯಕವೃಂದಕ್ಕೂ ಮೀಸಲಾದ ಭಾಗವೇ 'ಚಾನ್ಸೆಲ್'. ಕೊನೆಗೆ ಅರ್ಧವರ್ತುಲವಾಗಿ ಬಾಗಿದ ಗೋಡೆ 'ಆಪ್ಸ್'. ಇಂದಿನ ಮಾತಿಗೆ ಇಷ್ಟು ಸಾಕು. ಈ ಮಾತುಗಳಲ್ಲಿ ಒಂದೊಂದಕ್ಕೂ ಒಂದೊಂದು ಕತೆಯಿದೆ, ಒಂದೆರಡನ್ನು ದಾರಿಯಲ್ಲಿ ಹೇಳದೆ ಇರಲಾರೆ.

ಈ ಉದ್ದನೆಯ ಹಜಾರವನ್ನು ಕ್ರೈಸ್ತರು ತಾವೇ ಕಲ್ಪಿಸಿ ಕಟ್ಟಿದ್ದಲ್ಲ. ರೋಮನ್ನರ ಪ್ರತಿಯೊಂದು ದೊಡ್ಡ ಊರಿನಲ್ಲಿಯೂ ಬೆಸಿಲಿಕ ಎಂಬ ಸಾರ್ವಜನಿಕ ಕಟ್ಟಡವೊಂದಿರುತ್ತಿತ್ತು. ಅಲ್ಲಿ ನ್ಯಾಯಾಧೀಶರು ಕೂರುತ್ತಿದ್ದರು, ವರ್ತಕರು ವ್ಯವಹಾರ ಕುದುರಿಸುತ್ತಿದ್ದರು, ಕೆಲಸವಿಲ್ಲದವರು ಮಳೆಬಿಸಿಲಿಗೆ ನಿಲ್ಲುತ್ತಿದ್ದರು. ಹೆಸರು ಗ್ರೀಕಿನದು, 'ರಾಜನದು' ಎಂದು ಅದರ ಮೂಲಾರ್ಥ. ಬಳಕೆ ಮಾತ್ರ ಪೂರ್ತಿ ಪೇಟೆಯದು. ನಡುವೆ ಅಗಲವಾದ, ಎತ್ತರವಾದ ಹಜಾರ. ಅದರ ಅಕ್ಕಪಕ್ಕ ಕಂಬಗಳ ಆಚೆ ತಗ್ಗಾದ ಓಣಿಗಳು. ನಡುಹಜಾರದ ಗೋಡೆಯನ್ನು ಓಣಿಗಳ ಮಾಡಿಗಿಂತ ಮೇಲಕ್ಕೆ ಎಬ್ಬಿಸಿ ಅಲ್ಲಿ ಕಿಟಕಿಗಳನ್ನಿಟ್ಟರೆ ಬೆಳಕು ನೇರವಾಗಿ ನಡುವಿಗೆ ಬೀಳುತ್ತದೆ. ವಿದ್ಯುತ್ತಿಲ್ಲದ ಕಾಲದಲ್ಲಿ ಸಾವಿರಾರು ಜನ ಸೇರುವ ಕಟ್ಟಡಕ್ಕೆ ಇದಕ್ಕಿಂತ ಜಾಣ ಉಪಾಯ ಇನ್ನೊಂದಿರಲಿಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತಾನು ಫಾನೋ ಎಂಬ ಊರಿನಲ್ಲಿ ಕಟ್ಟಿಸಿದ ಬೆಸಿಲಿಕವನ್ನು ವಿವರಿಸುತ್ತ, ಅದರ ನಡುಭಾಗ 120 ಅಡಿ ಉದ್ದ, 60 ಅಡಿ ಅಗಲವೆಂದು ಬರೆಯುತ್ತಾನೆ. ಆ ನಡುಭಾಗಕ್ಕೆ ಅವನು ಬಳಸುವ ಪದ 'ಟೆಸ್ಟೂಡೊ', ಅಂದರೆ ಆಮೆ. ಛಾವಣಿಯ ಬೆನ್ನು ಆಮೆಯ ಚಿಪ್ಪಿನಂತೆ ಉಬ್ಬಿರುವುದರಿಂದ ಬಂದ ಹೆಸರು ಅದು. ಇದನ್ನು ದಯವಿಟ್ಟು ನೆನಪಿನಲ್ಲಿಡಿ: ಕಟ್ಟುವವನು ಛಾವಣಿಯ ಆಕಾರವನ್ನು ನೋಡಿ ಹೆಸರಿಟ್ಟಾಗ ಅವನಿಗೆ ಕಂಡದ್ದು ಆಮೆ, ಹಡಗಲ್ಲ.

ಕ್ರಿ.ಶ. 312ರಲ್ಲಿ ರೋಮ್ ನಗರವನ್ನು ಗೆದ್ದ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರೈಸ್ತರಿಗಾಗಿ ದೊಡ್ಡ ಕಟ್ಟಡಗಳನ್ನು ಕಟ್ಟಿಸಲು ಹೊರಟಾಗ ಅವನ ಶಿಲ್ಪಿಗಳು ಈ ಬೆಸಿಲಿಕವನ್ನೇ ಎತ್ತಿಕೊಂಡರು. ದೇವಸ್ಥಾನದ ಮಾದರಿಯನ್ನು ಏಕೆ ತೆಗೆದುಕೊಳ್ಳಲಿಲ್ಲವೆಂದರೆ, ರೋಮನ್ ದೇವಸ್ಥಾನದ ಒಳಗೆ ಭಕ್ತರಿಗೆ ಜಾಗವಿರಲಿಲ್ಲ. ಒಳಗೆ ದೇವರ ಮೂರ್ತಿ, ಹೊರಗೆ ಬಲಿಪೀಠ, ಜನರೂ ಹೊರಗೆ. ಕ್ರೈಸ್ತರ ಆರಾಧನೆಯಾದರೋ ಎಲ್ಲರೂ ಒಟ್ಟಿಗೆ ಕೂಡಿ ಕೇಳುವ, ಉಣ್ಣುವ ಆರಾಧನೆ. ಅದಕ್ಕೆ ಬೇಕಾದದ್ದು ಸಭಾಂಗಣ. ಹೀಗೆ ರೋಮಿನ ಲ್ಯಾಟರನ್ ಬೆಸಿಲಿಕ ಎದ್ದಿತು; 324ರಲ್ಲಿ ಪ್ರತಿಷ್ಠೆಯಾದ ಅದು ಇಂದಿಗೂ ರೋಮಿನ ಕೆಥೆಡ್ರಲ್, ಅಂದರೆ ಬಿಷಪನ ಪೀಠವಿರುವ ಇಗರ್ಜಿ. ಒಂದು ಬದಲಾವಣೆಯನ್ನು ಮಾತ್ರ ಅವರು ಮಾಡಿದರು, ಮತ್ತು ಮುಂದಿನ ಕತೆಗೆ ಅದೇ ಮುಖ್ಯ. ಟ್ರಾಜನನ ಬೆಸಿಲಿಕ ಉಲ್ಪಿಯದಂಥ ಪೇಟೆಯ ಕಟ್ಟಡಗಳಲ್ಲಿ ಬಾಗಿಲುಗಳು ಉದ್ದನೆಯ ಪಾರ್ಶ್ವದಲ್ಲಿದ್ದವು. ಒಳಗೆ ಬಂದವನಿಗೆ ಎಡಕ್ಕೂ ಬಲಕ್ಕೂ ಹಜಾರ ಚಾಚಿಕೊಂಡಿರುತ್ತಿತ್ತು. ಕ್ರೈಸ್ತರು ಬಾಗಿಲನ್ನು ಕಿರಿದಾದ ತುದಿಗೆ ಒಯ್ದು, ಬಲಿಪೀಠವನ್ನು ಎದುರು ತುದಿಯಲ್ಲಿಟ್ಟರು. ಕಟ್ಟಡ ಅದೇ, ಆದರೆ ಈಗ ಅದಕ್ಕೊಂದು ದಿಕ್ಕು ಬಂತು, ಮುಂದೆ-ಹಿಂದೆ ಎಂಬುದು ಬಂತು. ರೋಮಿನ ಅವೆಂಟೈನ್ ಬೆಟ್ಟದ ಮೇಲಿನ ಸಾಂತಾ ಸಬೀನದಲ್ಲಿ ಇದನ್ನು ಇಂದಿಗೂ ಅನುಭವಿಸಬಹುದು. 422ರಿಂದ 432ರ ನಡುವೆ ಕಟ್ಟಿದ ಆ ಇಗರ್ಜಿಯಲ್ಲಿ ಎರಡು ಸಾಲುಗಳಲ್ಲಿ ನಿಂತ 24 ಕಂಬಗಳು ನೋಟವನ್ನು ಅತ್ತಿತ್ತ ಅಲುಗಲು ಬಿಡದೆ ಆಪ್ಸಿನ ಕಡೆಗೇ ಒಯ್ಯುತ್ತವೆ. ಹಜಾರವೊಂದು ಎಲ್ಲಿಗೋ ಹೊರಟಿದೆ ಎಂಬ ಭಾವ ಬರುವುದಕ್ಕೆ ಛಾವಣಿ ಬಾಗಬೇಕಾಗಿಲ್ಲ. ಮರದ ತೊಲೆಗಳ ಮಾಡು ಇದ್ದ ಕಾಲದಲ್ಲಿಯೇ ಆ ಭಾವ ಅಲ್ಲಿತ್ತು.

ಈಗ ಹಡಗಿಗೆ ಬರೋಣ. ಕ್ರೈಸ್ತ ಸಭೆಯನ್ನು ದೋಣಿಗೆ ಹೋಲಿಸುವುದು ಈ ಯಾವ ಕಟ್ಟಡವೂ ಏಳುವುದಕ್ಕೆ ಮೊದಲೇ ಇದ್ದ ರೂಢಿ. ಯೇಸುವಿನ ಶಿಷ್ಯರಲ್ಲಿ ಪ್ರಮುಖರು ಬೆಸ್ತರು. ಬಿರುಗಾಳಿಗೆ ಸಿಕ್ಕ ಅವರ ದೋಣಿಯ ಪ್ರಸಂಗ ಸುವಾರ್ತೆಗಳಲ್ಲಿ ಬರುತ್ತದೆ. ಪೇತ್ರನ ಮೊದಲನೆಯ ಪತ್ರದಲ್ಲಿ ನೋಹನ ನಾವೆಯಲ್ಲಿ ನೀರಿನ ಮೂಲಕ ಉಳಿದ ಎಂಟು ಜನರನ್ನು ದೀಕ್ಷಾಸ್ನಾನಕ್ಕೆ ಹೋಲಿಸಲಾಗಿದೆ. ಸುಮಾರು ಕ್ರಿ.ಶ. 200ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿದ್ದ ಕ್ರೈಸ್ತ ಲೇಖಕ ಟೆರ್ಟುಲಿಯನ್, ಶಿಷ್ಯರ ಆ ಪುಟ್ಟ ದೋಣಿಯೇ ಸಭೆಯ ಸಂಕೇತವೆಂದು ಸ್ಪಷ್ಟವಾಗಿ ಬರೆದ. ಲೋಕವೇ ಕಡಲು, ಹಿಂಸೆ ಪ್ರಲೋಭನೆಗಳೇ ಅಲೆಗಳು ಎಂಬುದು ಅವನ ವಿವರಣೆ. ಆಗ ಕ್ರೈಸ್ತರಿಗೆ ಸ್ವಂತದ ದೊಡ್ಡ ಕಟ್ಟಡಗಳೇ ಇರಲಿಲ್ಲ, ಮನೆಗಳಲ್ಲಿ ಸೇರುತ್ತಿದ್ದರು. ಅಂದಮೇಲೆ ಹಡಗು ಮೊದಲು ಜನರ ಹೆಸರು, ಆಮೇಲೆ ಕಟ್ಟಡದ ಹೆಸರು.

ಇವೆರಡನ್ನೂ ಕೂಡಿಸುವ ಒಂದು ದಾಖಲೆಯಿದೆ, ನನ್ನ ಮಟ್ಟಿಗೆ ಅದು ಈ ಇಡೀ ವಿಷಯದ ಕೀಲಿಕೈ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಸಿರಿಯದಲ್ಲಿ ಗ್ರೀಕಿನಲ್ಲಿ ಸಿದ್ಧವಾದ ಒಂದು ನಿಯಮಸಂಗ್ರಹ ಅದು. 'ಅಪೊಸ್ತಲರ ವಿಧಿಗಳು' ಎಂದು ಅದಕ್ಕೆ ಹೆಸರು. ಅದರ ಎರಡನೆಯ ಭಾಗದಲ್ಲಿ ಬಿಷಪನಿಗೆ ಸಭೆ ಸೇರಿಸುವ ಬಗೆಯನ್ನು ಹೇಳಿಕೊಡಲಾಗಿದೆ. ನೀನು ಸಭೆ ಕರೆದಾಗ ದೊಡ್ಡ ಹಡಗಿನ ಒಡೆಯನಂತೆ ನಡೆದುಕೊ, ಎಂದು ಅದು ಮೊದಲಾಗುತ್ತದೆ. ಕಟ್ಟಡ ಉದ್ದವಾಗಿರಲಿ, ತಲೆ ಪೂರ್ವಕ್ಕಿರಲಿ, ಆ ತುದಿಯ ಎರಡೂ ಬದಿಗೆ ಕೋಣೆಗಳಿರಲಿ. ಹೀಗೆ ಅದು ಹಡಗಿನಂತಾಗುತ್ತದೆ. ಬಿಷಪನ ಆಸನ ನಡುವೆ, ಹಿರಿಯರು ಅವನ ಅಕ್ಕಪಕ್ಕ. ಡೀಕನ್ನರು, ಅಂದರೆ ಬಿಷಪನ ಕೈಕೆಳಗಿನ ಕಿರಿಯ ಸೇವಕರು, ಹಡಗಿನ ಆಳುಗಳ ಹಾಗೆ, ಚುರುಕಾಗಿ ಓಡಾಡಲು ಬರುವಂತೆ ಬಟ್ಟೆಯನ್ನು ಬಿಗಿದು ಕಟ್ಟಿಕೊಂಡು ನಿಂತಿರಬೇಕು. ಗಂಡಸರ ಬಾಗಿಲಲ್ಲಿ ದ್ವಾರಪಾಲಕರು, ಹೆಂಗಸರ ಬಾಗಿಲಲ್ಲಿ ಸೇವಕಿಯರು. ಯಾರಾದರೂ ತನ್ನದಲ್ಲದ ಜಾಗದಲ್ಲಿ ಕೂತರೆ, ಹಡಗಿನ ಮುಂಭಾಗವನ್ನು ನೋಡಿಕೊಳ್ಳುವ ಅಧಿಕಾರಿಯಂತೆ ಡೀಕನ್ ಬಂದು ಗದರಿಸಿ ಅವನನ್ನು ಸರಿಯಾದ ಸ್ಥಳಕ್ಕೆ ಕಳಿಸಬೇಕು.

ಈ ಭಾಗವನ್ನು ಗಮನವಿಟ್ಟು ಕೇಳಿದವರಿಗೆ ಒಂದು ವಿಷಯ ಹೊಳೆದಿರಬೇಕು. ಉದ್ದವಾಗಿರಬೇಕೆಂಬ ಒಂದು ಮಾತನ್ನು ಬಿಟ್ಟರೆ ಇಲ್ಲಿ ಆಕಾರದ ಚರ್ಚೆಯೇ ಇಲ್ಲ. ಛಾವಣಿಯ ಸುದ್ದಿಯಂತೂ ಬರುವುದೇ ಇಲ್ಲ. ಇರುವುದೆಲ್ಲ ಶಿಸ್ತಿನ ಚರ್ಚೆ: ಯಾರು ಎಲ್ಲಿ ಕೂರಬೇಕು, ಯಾರು ಯಾರನ್ನು ನೋಡಿಕೊಳ್ಳಬೇಕು, ಬಾಗಿಲಲ್ಲಿ ಯಾರಿರಬೇಕು. ಹಡಗು ಎಂಬ ಹೋಲಿಕೆ ಈ ಲೇಖಕನಿಗೆ ಬೇಕಾದದ್ದು ಹಡಗಿನಲ್ಲಿ ಪ್ರತಿಯೊಬ್ಬನಿಗೂ ಒಂದು ಜಾಗವಿರುತ್ತದೆ, ಜಾಗ ತಪ್ಪಿದರೆ ಎಲ್ಲರಿಗೂ ಅಪಾಯ ಎಂಬ ಕಾರಣಕ್ಕೆ. ಇನ್ನೊಂದು ಸ್ವಾರಸ್ಯವೂ ಇದೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ ಆತ ಹೋಲಿಕೆಯನ್ನು ಬದಲಿಸಿ, ಸಭೆ ಹಡಗಿನಂತೆ ಮಾತ್ರವಲ್ಲ, ಕುರಿದೊಡ್ಡಿಯಂತೆಯೂ ಹೌದು; ಕುರುಬರು ಜಾತಿ, ವಯಸ್ಸು ನೋಡಿ ಪ್ರಾಣಿಗಳನ್ನು ಬೇರೆ ಬೇರೆ ನಿಲ್ಲಿಸುವಂತೆ ಜನರನ್ನು ಕೂರಿಸಬೇಕು ಎನ್ನುತ್ತಾನೆ. ಕುರುಬನ ಹೋಲಿಕೆಗೆ ಕ್ರೈಸ್ತ ಪರಂಪರೆಯಲ್ಲಿ ಹಡಗಿಗಿಂತಲೂ ಹೆಚ್ಚಿನ ಗೌರವವಿದೆ. ಆದರೂ ಯಾವ ಭಾಷೆಯೂ ಇಗರ್ಜಿಯ ನಡುಹಜಾರವನ್ನು ಕುರಿದೊಡ್ಡಿ ಎಂದು ಕರೆಯಲಿಲ್ಲ. ದೊಡ್ಡಿ ನಿಂತಲ್ಲೇ ನಿಂತಿರುತ್ತದೆ. ಬಾಗಿಲಿನಿಂದ ಪೂರ್ವಕ್ಕೆ ಮುಖ ಮಾಡಿ ಹೊರಟಂತಿದ್ದ ಆ ಹಜಾರಕ್ಕೆ ಹಡಗಿನ ಹೆಸರೇ ಒಪ್ಪಿತು ಎಂದು ನನಗನ್ನಿಸುತ್ತದೆ.

ಇದಕ್ಕೆ ಎದುರಾಗಿ ಇನ್ನೊಂದು ಊಹೆಯೂ ಇದೆ, ಅದನ್ನು ಹೇಳದಿದ್ದರೆ ನ್ಯಾಯವಾಗದು. ಗ್ರೀಕಿನಲ್ಲಿ ದೇವಸ್ಥಾನಕ್ಕೆ 'ನಾಓಸ್' ಎನ್ನುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಇಗರ್ಜಿಗಳಲ್ಲಿ ಜನ ನಿಲ್ಲುವ ಭಾಗಕ್ಕೆ ಇಂದಿಗೂ ಅದೇ ಹೆಸರು. ಅಥೆನ್ಸಿನ ಉಪಭಾಷೆಯಲ್ಲಿ ಈ ಪದ 'ನೆಓಸ್' ಆಗುತ್ತದೆ. ಹಡಗಿಗೆ ಗ್ರೀಕಿನಲ್ಲಿ 'ನಾಉಸ್'. ಅದರ ಷಷ್ಠೀ ವಿಭಕ್ತಿ, 'ಹಡಗಿನ' ಎಂಬ ರೂಪ, ಅದೂ 'ನೆಓಸ್'. ಗ್ರೀಕು ಸರಿಯಾಗಿ ಬಾರದ ಯಾರೋ ದೇವಸ್ಥಾನವನ್ನು ಹಡಗೆಂದು ತಪ್ಪಾಗಿ ಲ್ಯಾಟಿನ್ನಿಗೆ ಇಳಿಸಿರಬಹುದು, ನಾವಿಸ್ ಹುಟ್ಟಿದ್ದು ಹಾಗೆ, ಎಂಬುದು ಆ ಊಹೆ. ಕೇಳಲು ಚುರುಕಾಗಿದೆ. ಭಾಷಾಂತರದ ತಪ್ಪಿನಿಂದ ಹುಟ್ಟಿದ ಪದಗಳೇನೂ ಲೋಕದಲ್ಲಿ ಕಡಿಮೆಯಿಲ್ಲ. ಆದರೆ ಎರಡು ಶತಮಾನಗಳಿಂದ ಉಪದೇಶಗಳಲ್ಲಿ ಹಡಗಿನ ಹೋಲಿಕೆಯನ್ನು ಕೇಳುತ್ತಲೇ ಬಂದ ಜನಕ್ಕೆ ಆ ಹೆಸರಿಡಲು ವ್ಯಾಕರಣದ ಎಡವಟ್ಟು ಏಕೆ ಬೇಕಿತ್ತು? ಎರಡು ಪದಗಳ ಧ್ವನಿಸಾಮ್ಯ ಹೆಸರು ಊರಲು ನೆರವಾಗಿರಬಹುದು, ಅಷ್ಟನ್ನು ಒಪ್ಪುತ್ತೇನೆ.

ಹೋಲಿಕೆ ಜೀವಂತವಾಗಿತ್ತೆಂಬುದಕ್ಕೆ ಒಳ್ಳೆಯ ಸಾಕ್ಷಿ ಬೇರೆ ಭಾಷೆಗಳು. ಲ್ಯಾಟಿನ್ನಿನ ಮಕ್ಕಳಾದ ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳು 'ನೆಫ್', 'ನಾವೆ', 'ನವಾತ' ಎಂದು ಅದೇ ಪದವನ್ನು ಸವೆಸಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಹೌದು, ಸ್ಪ್ಯಾನಿಷಿನಲ್ಲಿ ಅದು ಬಹುಪಾಲು ನಮ್ಮ ನಾವೆಯೇ. ಆದರೆ ಜರ್ಮನ್ನರು ಲ್ಯಾಟಿನ್ ಪದವನ್ನು ಎರವಲು ತರದೆ ತಮ್ಮ ಭಾಷೆಯಲ್ಲಿ ಹಡಗಿಗಿರುವ 'ಶಿಫ್' ಎಂಬ ಪದವನ್ನೇ ಬಳಸಿದರು. ಸ್ವೀಡಿಷರು 'ಶೆಪ್' ಎಂದರು. ಚೆಕ್ ಜನ 'ಲೋದ್' ಎಂದರು. ಲ್ಯಾಟಿನ್ನಿಗೂ ಇವೆಲ್ಲಕ್ಕೂ ಕುಲಸಂಬಂಧವೇ ಇಲ್ಲದ ಹಂಗೇರಿಯನ್ ಭಾಷೆಯಲ್ಲಿ ಅದು 'ಹಾಯೋ', ಫಿನ್ನಿಷಿನಲ್ಲಿ 'ಲೈವ'. ಎಲ್ಲಕ್ಕೂ ಅರ್ಥ ಹಡಗು. ಅರ್ಥ ಮರೆತ ಪದವನ್ನು ಜನ ಎರವಲು ಪಡೆಯುತ್ತಾರೆ. ಅರ್ಥ ನೆನಪಿರುವ ಪದವನ್ನು ಅನುವಾದಿಸುತ್ತಾರೆ. ಇಂಗ್ಲಿಷರು ಈ ವಿಷಯದಲ್ಲಿ ಎಲ್ಲರಿಗಿಂತ ತಡ. ಅವರು ಬಹುಕಾಲ ಅದನ್ನು 'ಇಗರ್ಜಿಯ ದೇಹ' ಎಂದೇ ಕರೆಯುತ್ತಿದ್ದರು. ಆಂಗ್ಲಿಕನ್ನರ ಪ್ರಾರ್ಥನಾ ಪುಸ್ತಕದಲ್ಲಿ ಮದುವೆಗೆ ಬಂದವರು ನೆಂಟರಿಷ್ಟರೊಡನೆ ನಿಲ್ಲಬೇಕಾದ ಜಾಗಕ್ಕೆ ಆ ಹೆಸರೇ ಇದೆ. ನೇವ್ ಎಂಬುದು ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುವುದು 17ನೆಯ ಶತಮಾನದಲ್ಲಿ, ಹಳೆಯ ಕಟ್ಟಡಗಳನ್ನು ಕುತೂಹಲದಿಂದ ಅಳೆದು ಬರೆಯುವ ವಿದ್ವಾಂಸರ ಬರಹದ ಮೂಲಕ. ಆದ್ದರಿಂದಲೇ ಇಂಗ್ಲಿಷ್ ಮಾತಾಡುವವನಿಗೆ ಆ ಪದದಲ್ಲಿ ಹಡಗು ಕಾಣುವುದಿಲ್ಲ.

ಅನುವಾದಿಸಿದವರು ಒಮ್ಮೊಮ್ಮೆ ತಮಾಷೆಗೂ ಒಳಗಾಗಿದ್ದಾರೆ. ಜರ್ಮನ್ನಿನಲ್ಲಿ ನಡುಹಡಗು, ಪಕ್ಕದ ಹಡಗು ಎಂದು ಹೆಸರಿಟ್ಟು, ಅದೇ ಭರದಲ್ಲಿ ಟ್ರಾನ್ಸೆಪ್ಟನ್ನು 'ಅಡ್ಡಹಡಗು' ಎಂದರು. ಒಂದು ಹಡಗಿಗೆ ಇನ್ನೊಂದು ಅಡ್ಡಲಾಗಿ ಬಂದು ನಿಂತರೆ ಅದನ್ನು ಬಂದರಿನಲ್ಲಿ ಅಪಘಾತವೆನ್ನುತ್ತಾರೆ. ಇಂಗ್ಲಿಷಿನಲ್ಲಿ ನಡೆದದ್ದು ಬೇರೆ. ಪಕ್ಕದ ಓಣಿಗೆ ಲ್ಯಾಟಿನ್ನಿನಲ್ಲಿ 'ಆಲ', ರೆಕ್ಕೆ ಎಂದು ಹೆಸರು. ಅದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ದ್ವೀಪ ಎಂಬರ್ಥದ 'ಐಲ್' ಪದದೊಡನೆ ಕಲೆತು, ಉಚ್ಚರಿಸದ ಒಂದು 'ಎಸ್' ಅಕ್ಷರವನ್ನು ಅಂಟಿಸಿಕೊಂಡಿತು. ಇಂದಿಗೂ ಆ ಅಕ್ಷರ ಹಾಗೇ ಇದೆ. ಹೀಗೆ ಕಾಗುಣಿತದ ತಪ್ಪಿನಿಂದ ಹಡಗಿನ ಎರಡೂ ಬದಿಗೆ ದ್ವೀಪಗಳು ಹುಟ್ಟಿಕೊಂಡವು. ಇನ್ನು ಸ್ಪ್ಯಾನಿಷಿನಲ್ಲಿ ಇಗರ್ಜಿಯಿಂದ ಆ ಪದ ಕಾರ್ಖಾನೆಗೆ ಇಳಿದಿದೆ: ಕೈಗಾರಿಕಾ ಬಡಾವಣೆಗಳಲ್ಲಿ ತಗಡಿನ ಮಾಡಿನ ಉದ್ದನೆಯ ಶೆಡ್ಡುಗಳಿಗೂ ನಾವೆ ಎಂದೇ ಹೆಸರು, ಆಕಾಶನೌಕೆಗೂ ಅದೇ ಹೆಸರು.

ಈಗ ನಾನು ಆರಂಭದಲ್ಲಿ ತಳ್ಳಿಹಾಕಿದ ಛಾವಣಿಗೆ ಮರಳಬೇಕು, ಏಕೆಂದರೆ ಮಾರ್ಗದರ್ಶಿಗಳು ತೋರಿಸುವುದು ಸುಳ್ಳಲ್ಲ. ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಒನ್‌ಫ್ಲ್ಯೂರ್ ಎಂಬ ಬಂದರಿದೆ. ನೂರು ವರ್ಷಗಳ ಯುದ್ಧ ಮುಗಿದ ಮೇಲೆ, 15ನೆಯ ಶತಮಾನದ ಉತ್ತರಾರ್ಧದಲ್ಲಿ, ಅಲ್ಲಿನ ಹಡಗು ಕಟ್ಟುವ ಬಡಗಿಗಳು ತಮ್ಮೂರಿಗೆ ಸಂತ ಕ್ಯಾಥರೀನಳ ಇಗರ್ಜಿಯನ್ನು ಮರದಲ್ಲಿ ಕಟ್ಟಿದರು. ಅವರಿಗೆ ಗೊತ್ತಿದ್ದದ್ದು ಹಡಗಿನ ಪಕ್ಕೆಲುಬುಗಳನ್ನು ಬಾಗಿಸಿ ಜೋಡಿಸುವ ವಿದ್ಯೆ. ಅದನ್ನೇ ತಲೆಕೆಳಗು ಮಾಡಿ ಛಾವಣಿಯಾಗಿಸಿದರು. ಜನ ಹೆಚ್ಚಿದಾಗ ಪಕ್ಕದಲ್ಲಿ ಇನ್ನೊಂದು ಅಂಥದೇ ನೇವನ್ನು ಸೇರಿಸಿದರು. ಒಳಗೆ ನಿಂತು ಮೇಲೆ ನೋಡಿದರೆ ಎರಡು ಹಡಗುಗಳು ಅಕ್ಕಪಕ್ಕ ಬೋರಲು ಬಿದ್ದಂತಿವೆ. ಇಟಲಿಯ ವೆನಿಸ್, ಪಾದುವ, ವೆರೋನ ಸೀಮೆಯ 14 ಮತ್ತು 15ನೆಯ ಶತಮಾನದ ಇಗರ್ಜಿಗಳಲ್ಲಿ ಮರದ ಹಲಗೆಗಳಿಂದ ಮಾಡಿದ ಇಂಥ ಛಾವಣಿಗೆ 'ಹಡಗಿನ ಅಡಿಪಟ್ಟಿ' ಎಂಬ ಹೆಸರೇ ಇದೆ. ವೆನಿಸಿನ ಸಾಂತೊ ಸ್ತೆಫಾನೊ ಅದಕ್ಕೊಂದು ಸೊಗಸಾದ ಉದಾಹರಣೆ. ಡೆನ್ಮಾರ್ಕಿನಲ್ಲಿ ಇನ್ನೂ ನೇರ: ನಾವಿಕರು ಹರಕೆಯಾಗಿ ಒಪ್ಪಿಸಿದ ಮರದ ಪುಟ್ಟ ಹಡಗುಗಳು ನೇವಿನ ಛಾವಣಿಯಿಂದ ತೂಗುತ್ತಿರುತ್ತವೆ. ಆದರೆ ಇವೆಲ್ಲ ಹೆಸರಿನ ಹಿಂದಿನವಲ್ಲ, ಮುಂದಿನವು. ಸಿರಿಯದ ಆ ಬಿಷಪನಿಗೂ ಒನ್‌ಫ್ಲ್ಯೂರಿನ ಬಡಗಿಗೂ ನಡುವೆ ಸಾವಿರ ವರ್ಷಗಳ ಅಂತರವಿದೆ. ಬಡಗಿಯ ಛಾವಣಿ ಹೋಲಿಕೆಯ ಮೂಲವಲ್ಲ, ಹೋಲಿಕೆಯ ಫಲ.

ಹಡಗು ಎಷ್ಟು ಅಗಲವಿರಬಹುದು ಎಂಬ ಪ್ರಶ್ನೆಯ ಮೇಲೆ ಒಂದು ಊರಿನಲ್ಲಿ ನಿಜವಾಗಿ ಪಂಚಾಯಿತಿಯೇ ನಡೆಯಿತು. ಸ್ಪೇನಿನ ಕೆಟಲೋನಿಯದ ಜಿರೋನದಲ್ಲಿ ಕೆಥೆಡ್ರಲಿನ ಪೂರ್ವಭಾಗ ಮುಗಿದಿತ್ತು. ಅಲ್ಲಿ ನಡುಭಾಗವೂ ಎರಡು ಓಣಿಗಳೂ ಇದ್ದವು. ಇನ್ನು ಜನರ ಭಾಗವನ್ನು ಕಟ್ಟಬೇಕು. ಅದನ್ನು ಅದೇ ರೀತಿ ಮೂರು ಪಾಲಾಗಿ ಕಟ್ಟುವುದೋ, ಕಂಬಗಳೇ ಇಲ್ಲದೆ ಒಂದೇ ಹಾಸಿನಲ್ಲಿ ಕಟ್ಟುವುದೋ? ಒಂದೇ ಹಾಸಾದರೆ ಸುಮಾರು 23 ಮೀಟರ್ ಅಗಲದ ಕಲ್ಲಿನ ಕಮಾನು ಬೇಕು. ಅಷ್ಟು ಅಗಲವಾದ ಗಾತಿಕ್ ಕಮಾನನ್ನು ಯಾರೂ ಕಂಡಿರಲಿಲ್ಲ. 1416ರಲ್ಲಿ ಗಿಯೆಮ್ ಬೊಫಿಲ್ಲ್ ಎಂಬ ಶಿಲ್ಪಿ ಅಲ್ಲಿ ಕೆಲಸದ ಮುಖ್ಯಸ್ಥನಾಗಿದ್ದಾಗ, ಆಡಳಿತ ಮಂಡಳಿ ಹನ್ನೆರಡು ಮಂದಿ ಶಿಲ್ಪಿಗಳನ್ನು ಕರೆಸಿ ಪ್ರತಿಯೊಬ್ಬನ ಅಭಿಪ್ರಾಯವನ್ನೂ ಪ್ರಮಾಣವಚನದ ಮೇಲೆ ಬರೆಸಿಕೊಂಡಿತು. ಹೆಚ್ಚಿನವರು ಮೂರು ಪಾಲಿನ ಕಡೆಗೇ ವಾಲಿದರು. ಮಂಡಳಿ ಮಾತ್ರ ಬೆಳಕಿನ ಆಸೆಗೆ ಬಿದ್ದು ಒಂದೇ ನೇವನ್ನು ಆರಿಸಿತು. ಆ ಕಮಾನು ಇಂದಿಗೂ ನಿಂತಿದೆ. ಗಾತಿಕ್ ಶೈಲಿಯ ನೇವುಗಳಲ್ಲಿ ಅಷ್ಟು ಅಗಲದ್ದು ಇನ್ನೊಂದಿಲ್ಲ. ಪರಿಣತರ ಬಹುಮತವನ್ನು ಮೀರಿ ನಡೆದ ಆಡಳಿತ ಮಂಡಳಿಯೊಂದು ಸರಿಯಾದ ನಿರ್ಧಾರ ತೆಗೆದುಕೊಂಡ ಅಪರೂಪದ ಪ್ರಸಂಗವಿದು, ಇದನ್ನು ನಮ್ಮ ಇಂಜಿನಿಯರುಗಳ ಮುಂದೆ ಹೇಳಬಾರದು.

ಇದಕ್ಕೆ ವಿರುದ್ಧವಾದ ಗತಿ ಫ್ರಾನ್ಸಿನ ಬೋವೆಯದು. 1225ರಲ್ಲಿ ಮೊದಲಾದ ಆ ಕೆಥೆಡ್ರಲಿನವರು ಎಲ್ಲರಿಗಿಂತ ಎತ್ತರಕ್ಕೆ ಹೋಗಬೇಕೆಂದು ಚಾನ್ಸೆಲಿನ ಕಮಾನನ್ನು ಸುಮಾರು 48 ಮೀಟರಿಗೆ ಏರಿಸಿದರು. 1284ರಲ್ಲಿ ಅದರ ಒಂದು ಭಾಗ ಕುಸಿಯಿತು. ದುರಸ್ತಿ ಮಾಡಿ, 16ನೆಯ ಶತಮಾನದಲ್ಲಿ ಅಡ್ಡತೋಳನ್ನೂ ಕಟ್ಟಿ, ಮುಂದೆ ನೇವ್ ಕಟ್ಟುವುದನ್ನು ಬಿಟ್ಟು ನಡುವೆ 153 ಮೀಟರ್ ಎತ್ತರದ ಗೋಪುರವನ್ನು ಎಬ್ಬಿಸಿದರು. ಪಶ್ಚಿಮದ ಕಡೆ ಒತ್ತು ಕೊಡಲು ನೇವ್ ಇಲ್ಲದ ಆ ಗೋಪುರ 1573ರಲ್ಲಿ ನೆಲಕ್ಕೆ ಬಿತ್ತು. ಬೋವೆಗೆ ಇಂದಿಗೂ ನೇವ್ ಇಲ್ಲ. ಜನರಿಗಾಗಿ ಕಟ್ಟಬೇಕಾದ ಭಾಗವನ್ನು ಮುಂದೂಡಿದ್ದು ಕಟ್ಟಡದ ಬಲಕ್ಕೇ ಮುಳುವಾಯಿತು.

ಜನರ ಭಾಗ ಎಂದೆ. ಅದು ಬರಿಯ ಮಾತಿನ ವರಸೆಯಲ್ಲ, ಕಾನೂನಿನ ಮಾತು. ನೇವಿಗೂ ಚಾನ್ಸೆಲಿಗೂ ನಡುವೆ ಹಳೆಯ ಕಾಲದಲ್ಲಿ ಜಾಲಂಧ್ರದ ಒಂದು ತಡೆ ಇರುತ್ತಿತ್ತು. ಲ್ಯಾಟಿನ್ನಿನಲ್ಲಿ ಅದು 'ಕಾಂಚೆಲ್ಲಿ'. ಚಾನ್ಸೆಲ್ ಎಂಬ ಹೆಸರು ಅದರಿಂದಲೇ ಬಂತು. ನ್ಯಾಯಾಲಯದಲ್ಲಿ ಅಂಥದೇ ಜಾಲಂಧ್ರದ ಬಳಿ ನಿಲ್ಲುತ್ತಿದ್ದ ನೌಕರನ ಹುದ್ದೆ ಬೆಳೆದು ನಮ್ಮ ವಿಶ್ವವಿದ್ಯಾಲಯಗಳ ಚಾನ್ಸಲರ್ ಆಯಿತು. ಬರೆದದ್ದರ ಮೇಲೆ ಜಾಲಂಧ್ರದ ಹಾಗೆ ಅಡ್ಡಗೆರೆ ಎಳೆಯುವುದು ಕ್ಯಾನ್ಸಲ್ ಆಯಿತು. ರೈಲಿನ ಟಿಕೆಟ್ ಕ್ಯಾನ್ಸಲ್ ಮಾಡಿಸುವಾಗಲೆಲ್ಲ ನಾವು ಇಗರ್ಜಿಯ ಒಂದು ಭಾಗದ ನೆಂಟಸ್ತಿಕೆಯನ್ನು ಹೇಳಿಕೊಳ್ಳುತ್ತೇವೆ. ಇರಲಿ. ಇಂಗ್ಲೆಂಡಿನಲ್ಲಿ ಆ ತಡೆಯ ಆಚೆಯ ಭಾಗದ ದುರಸ್ತಿ ರೆಕ್ಟರನದು, ಅಂದರೆ ಇಗರ್ಜಿಯ ಜಮೀನು ಆದಾಯಗಳ ಹಕ್ಕುಳ್ಳವನದು, ಈಚೆಯ ನೇವಿನ ದುರಸ್ತಿ ಊರಿನವರದು ಎಂಬುದು ಮಧ್ಯಯುಗದಿಂದ ಬಂದ ಪದ್ಧತಿ. 16ನೆಯ ಶತಮಾನದಲ್ಲಿ ಮಠಗಳು ಮುಚ್ಚಿದ ಮೇಲೆ, ಅವುಗಳ ಕೈಯಲ್ಲಿದ್ದ ರೆಕ್ಟರನ ಜಮೀನನ್ನು ಕೊಂಡ ಸಾಮಾನ್ಯರಿಗೂ ಆ ಹೊಣೆ ಅಂಟಿಕೊಂಡಿತು. ವಾರ್ವಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೊ ಎಂಬ ಹಳ್ಳಿಯಲ್ಲಿ ಅಂಥ ಜಮೀನಿನ ಒಡೆಯರು ಚಾನ್ಸೆಲಿನ ದುರಸ್ತಿ ವೆಚ್ಚವನ್ನು ಕೊಡಲೇಬೇಕೆಂದು ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತದ್ದು 2003ರಲ್ಲಿ. ಒಂದು ಜಾಲಂಧ್ರ ಇದ್ದ ಜಾಗ ಇಷ್ಟು ಕಾಲ ಬಾಳಿತು.

ತಮ್ಮ ಭಾಗವನ್ನು ಜನ ತಮ್ಮದಾಗಿಯೇ ಬಳಸಿದರು. ಮಧ್ಯಯುಗದ ಬಹುಭಾಗ ನೇವಿನಲ್ಲಿ ಬೆಂಚುಗಳಿರಲಿಲ್ಲ, ನಿಲ್ಲಬೇಕಿತ್ತು. ಆದ್ದರಿಂದ ಅದು ತೆರವಾದ ಬಯಲಿನಂತೆ ಎಲ್ಲಕ್ಕೂ ಒದಗುತ್ತಿತ್ತು. ಲಂಡನ್ನಿನ ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲಿನ ನೇವಿಗೆ 'ಪಾಲ್ಸ್ ವಾಕ್' ಎಂದೇ ಹೆಸರಾಗಿತ್ತು. 1666ರ ಬೆಂಕಿಗೆ ಅದು ಆಹುತಿಯಾಗುವವರೆಗೆ ವಕೀಲರು, ವರ್ತಕರು, ಕೆಲಸ ಹುಡುಕುವವರು, ಸುದ್ದಿ ಮಾರುವವರು ಅಲ್ಲಿ ಅಡ್ಡಾಡುತ್ತಿದ್ದರು. ರೋಮನ್ ಬೆಸಿಲಿಕದ ಪೇಟೆ ಹಳೆಯ ಮನೆಗೆ ಮರಳಿ ಬಂದಂತೆ. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಇದರ ಪರಿಣಾಮ ಇನ್ನೂ ಸ್ಪಷ್ಟವಾಯಿತು. ಸನ್ಯಾಸಿಗಳ ಭಾಗಗಳನ್ನು ಕೆಡವಿ ಕಲ್ಲು, ಸೀಸಗಳನ್ನು ಮಾರಿದರು. ಊರಿನವರು ಬಳಸುತ್ತಿದ್ದ ನೇವುಗಳು ಮಾತ್ರ ಹಲವೆಡೆ ಉಳಿದವು. ಮಾಮ್ಸ್‌ಬರಿಯ ಮಠವನ್ನು ಕೊಂಡ ವಿಲಿಯಂ ಸ್ಟಂಪ್ ಎಂಬ ಬಟ್ಟೆ ವ್ಯಾಪಾರಿ ಅಲ್ಲಿ ಮಗ್ಗಗಳನ್ನು ಹೂಡಿ, ನೇವನ್ನು ಊರಿಗೆ ಬಿಟ್ಟುಕೊಟ್ಟ. ವಾಲ್ತಮ್, ಬೋಲ್ಟನ್, ಬಿನಮ್ ಊರುಗಳಲ್ಲಿಯೂ ಇಂದು ಪ್ರಾರ್ಥನೆ ನಡೆಯುವುದು ಹಾಗೆ ಉಳಿದ ನೇವುಗಳಲ್ಲಿಯೇ. ಹಡಗಿನ ಮುಂಭಾಗ ಹೋಯಿತು, ಜನ ಕೂತ ಭಾಗ ತೇಲುತ್ತಿದೆ.

ಕನ್ನಡದ ಮಾತಿಗೆ ಬರುತ್ತೇನೆ. ನಮ್ಮ ದೇವಾಲಯದ ಪರಿಭಾಷೆ ದೇಹದ ಪರಿಭಾಷೆ: ಪಾದ, ಜಂಘೆ, ಗ್ರೀವ, ಶಿಖರ, ಎಲ್ಲದರ ಒಳಗೆ ಗರ್ಭಗೃಹ. ಅಲ್ಲಿ ಹಡಗಿಗೆ ಜಾಗವಿಲ್ಲ. ನಮ್ಮಲ್ಲಿ ಹಡಗಿನ ಕಲ್ಪನೆ ಇಲ್ಲವೆಂದಲ್ಲ. ಭವಸಾಗರವನ್ನು ದಾಟಿಸುವ ಅಂಬಿಗ ವಚನಗಳಲ್ಲಿಯೂ ದಾಸರ ಪದಗಳಲ್ಲಿಯೂ ಮತ್ತೆ ಮತ್ತೆ ಬರುತ್ತಾನೆ, 12ನೆಯ ಶತಮಾನದ ಚೌಡಯ್ಯನಂತೂ ವೃತ್ತಿಯಿಂದಲೇ ಅಂಬಿಗ. ಆದರೆ ಎರಡು ಹೋಲಿಕೆಗಳಲ್ಲಿ ಒಂದು ವ್ಯತ್ಯಾಸವಿದೆ. ಸಾಗರವೆಂದು ಹೆಸರು ಹೇಳಿದರೂ ನಮ್ಮ ಕಣ್ಣ ಮುಂದಿರುವುದು ಹೊಳೆ, ಈ ದಡ ಮತ್ತು ಆ ದಡ. ದೋಣಿಯಲ್ಲಿರುವವರು ಅಂಬಿಗ ಮತ್ತು ಅವನನ್ನು ನಂಬಿದ ಒಬ್ಬ ಜೀವ. ಮೆಡಿಟರೇನಿಯನ್ ಕಡಲಿನ ಜನ ಕಂಡದ್ದು ನೂರಾರು ಮಂದಿ ಹತ್ತಿದ, ಆಳುಕಾಳುಗಳ ಶ್ರೇಣಿಯಿರುವ, ದಡ ಕಾಣದ ಹಡಗು. ಒಬ್ಬನ ದೋಣಿಗೆ ಕಟ್ಟಡ ಬೇಡ. ಜನರ ಹಡಗಿಗೆ ಬೇಕು.

ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಇಗರ್ಜಿಯ ಅವಶೇಷವಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟಾದ ಮೇಲೆ ಮಳೆಗಾಲದಲ್ಲಿ ಹಿನ್ನೀರು ಅದರೊಳಗೆ ನುಗ್ಗುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಛಾವಣಿ ಎಂದೋ ಹೋಗಿದೆ. 'ತೇಲುವ ಚರ್ಚು' ಎಂದು ಪ್ರವಾಸಿಗರು ಅದಕ್ಕಿಟ್ಟ ಹೆಸರನ್ನು ಕೇಳಿದಾಗ ನನಗೆ ನಾಲ್ಕನೆಯ ಶತಮಾನದ ಆ ಸಿರಿಯದ ಲೇಖಕ ನೆನಪಾಗುತ್ತಾನೆ. ಅವನು ಒಪ್ಪುತ್ತಿರಲಿಲ್ಲ. ಜನ ಎದ್ದು ಹೋದ ಮೇಲೆ ಸುತ್ತ ಎಷ್ಟು ನೀರಿದ್ದರೂ ಅವನ ಲೆಕ್ಕದಲ್ಲಿ ಅದು ಹಡಗಲ್ಲ.

ನೇವಿಗೆ ಕನ್ನಡದಲ್ಲಿ ಏನೆನ್ನಬೇಕೆಂದು ಕೆಲವರು ಮೊದಲೇ ಚೀಟಿ ಬರೆದು ಕಳಿಸಿದ್ದೀರಿ. ಮಧ್ಯಾಂಗಣ, ನಡುಹಜಾರ ಎಂಬ ಪದಗಳು ಕೆಲಸಕ್ಕೆ ಬರುತ್ತವೆ, ಇಂದು ನಾನೂ ಬಳಸಿದ್ದೇನೆ. ಆದರೆ ಹಂಗೇರಿಯವರು, ಫಿನ್ನಿಷರು ಅನುವಾದಿಸಿಕೊಂಡದ್ದನ್ನು ನಾವು ಅನುವಾದಿಸುವ ಅಗತ್ಯವೂ ಇಲ್ಲ. ನಮ್ಮ ಬೈಬಲಿನಲ್ಲಿ ನೋಹನದು ನಾವೆಯೇ ಆಗಿದೆ, ಪದ ಮನೆಯಲ್ಲಿಯೇ ಇದೆ. ನಾವೆ, ಪಕ್ಕನಾವೆ ಎಂದರೆ ಸಾಕು. ಅಡ್ಡನಾವೆಯನ್ನು ಮಾತ್ರ ಜರ್ಮನ್ನರಿಗೇ ಬಿಟ್ಟುಬಿಡೋಣ. ಇನ್ನೊಂದು ಚೀಟಿಯಲ್ಲಿ, ನಮ್ಮ ದೇವಾಲಯದ ನವರಂಗಕ್ಕೂ ಈ ನೇವಿಗೂ ಸಂಬಂಧವಿದೆಯೆ ಎಂದು ಕೇಳಿದ್ದಾರೆ. ಇಲ್ಲ. ಅದು ನಾಲ್ಕು ಕಂಬಗಳು ಹಜಾರವನ್ನು ಒಂಬತ್ತು ಅಂಕಣಗಳಾಗಿ ವಿಂಗಡಿಸುವುದರಿಂದ ಬಂದ ಹೆಸರು. ಅಲ್ಲಿರುವುದು ಹಡಗಲ್ಲ, ಒಂಬತ್ತು.